ಬಣ್ಣ ನೋಡಿ ಹೆಸರಿಡಬೇಡಿ: ಪಿಂಪರ್ನೆಲ್ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಿಡದ ಸುತ್ತ ಇವೆ. ನೆಲಕ್ಕೆ ಒರಗಿ ಹರಡುವ, ಕಿರುಬೆರಳ ಉಗುರಿನಷ್ಟು ಹೂ ಬಿಡುವ ಪುಟ್ಟ ಕಳೆ ಅದು. ಕೆಲವರು ಕಿತ್ತಳೆಗೆಂಪು ಹೂ ಕಂಡಿದ್ದಾರೆ, ಕೆಲವರು ನೀಲಿ. ಒಬ್ಬರು ಅದನ್ನು ಸೊಪ್ಪೆಂದು ತಿನ್ನಲು ಹೊರಟಿದ್ದಾರೆ. ಅದಕ್ಕೇ ಈ ಕಂತನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ತರಕಾರಿ ಪಾತಿಯ ಅಂಚಿನಲ್ಲಿ ಒಂದು ಗಿಡ ತಾನಾಗಿ ಹುಟ್ಟಿ ನಾಲ್ಕೂ ಕಡೆ ಹರಡಿದೆ. ಎಲೆಗಳು ಎದುರುಬದುರು. ಹೂ ಕಿತ್ತಳೆಗೆಂಪು, ಐದು ಎಸಳು, ನಡುವೆ ಕಡುನೇರಳೆ ಬಣ್ಣ. ಮೊಬೈಲ್ ಆ್ಯಪ್ ಇದನ್ನು ‘ಸ್ಕಾರ್ಲೆಟ್ ಪಿಂಪರ್ನೆಲ್’ ಎನ್ನುತ್ತದೆ. ನಂಬಬಹುದೇ?

ಉತ್ತರ: ನೀವು ಕೊಟ್ಟ ವಿವರಕ್ಕೆ ಆ ಹೆಸರೇ ಹೊಂದುತ್ತದೆ. ಆದರೆ ಆ್ಯಪ್‌ನ ಕಣ್ಣಿಗೆ ಬೀಳುವುದು ಫೋಟೊದಲ್ಲಿ ಇದ್ದಷ್ಟೇ, ಅಂದರೆ ಹೂವಿನ ಬಣ್ಣ ಮತ್ತು ಗಿಡದ ಒಟ್ಟು ರೂಪ. ಹೆಸರನ್ನು ಗಟ್ಟಿ ಮಾಡುವ ಗುರುತುಗಳು ಬೇರೆ ಕಡೆ ಅಡಗಿವೆ: ಕಾಂಡದ ಮೂಲೆಯಲ್ಲಿ, ಎಲೆಯ ಬೆನ್ನಲ್ಲಿ, ಕೇಸರದ ಬುಡದಲ್ಲಿ, ಕಾಯಿಯ ಹೊಟ್ಟೆಯಲ್ಲಿ. 10 ಪಟ್ಟು ಹಿಗ್ಗಿಸಿ ತೋರಿಸುವ ಒಂದು ಕೈಲೆನ್ಸ್ ಇಟ್ಟುಕೊಂಡು ಈ ಕ್ರಮದಲ್ಲಿ ನೋಡಿ.

ಮೊದಲು ಕಾಂಡ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉರುಳಿಸಿ. ದುಂಡನೆಯ ಕಾಂಡವಾದರೆ ಸಲೀಸಾಗಿ ಹೊರಳುತ್ತದೆ. ಇದು ತಡೆತಡೆದು ಹೊರಳುತ್ತದೆ, ಏಕೆಂದರೆ ಇದಕ್ಕೆ ನಾಲ್ಕು ಮೂಲೆಗಳಿವೆ. ಬ್ಲೇಡಿನಿಂದ ಅಡ್ಡ ಕೊಯ್ದರೆ ಚೌಕ ಎದ್ದು ಕಾಣುತ್ತದೆ. ಕಾಂಡದ ಮೇಲೆ ಕೂದಲಿರುವುದಿಲ್ಲ. ಮುರಿದ ಜಾಗದಲ್ಲಿ ಹಾಲಿನಂಥ ಸೊನೆ ಒಸರಿದರೆ ಅಲ್ಲಿಗೇ ನಿಲ್ಲಿಸಿ, ನಿಮ್ಮ ಕೈಯಲ್ಲಿರುವುದು ನೆಲಕ್ಕಂಟಿ ಬೆಳೆಯುವ ಯಾವುದೋ ಯುಫೋರ್ಬಿಯ. ಪಿಂಪರ್ನೆಲ್‌ನ ಕವಲುಗಳು ಬುಡದಿಂದಲೇ ಹೊರಟು ನೆಲದ ಮೇಲೆ ಒರಗುತ್ತವೆ, ತುದಿ ಮಾತ್ರ ಮೇಲೆ ಬಾಗುತ್ತದೆ. ಉದ್ದ ಸಾಮಾನ್ಯವಾಗಿ 5ರಿಂದ 30 ಸೆಂ.ಮೀ. ಒತ್ತಾದ ಪೈರಿನ ನಡುವೆ ಬೆಳಕಿಗಾಗಿ ಹೆಣಗುವ ಗಿಡ ನೆಟ್ಟಗೆ ನಿಲ್ಲುವುದೂ ಉಂಟು. ಹಾಗಾಗಿ ‘ಹರಡುತ್ತದೆ’ ಎಂಬುದನ್ನು ಗುರುತಾಗಿ ಹಿಡಿಯಬೇಡಿ.

ಎಲೆಗೆ ತೊಟ್ಟಿಲ್ಲ. ಬುಡವೇ ನೇರವಾಗಿ ಕಾಂಡಕ್ಕೆ ಕೂತಿರುತ್ತದೆ. ಆಕಾರ ಮೊಟ್ಟೆಯದು, ಅಂಚು ನಯ, ಒಂದೂ ಹಲ್ಲಿಲ್ಲ, ಉದ್ದ ಹೆಚ್ಚೂಕಡಿಮೆ 1ರಿಂದ 2 ಸೆಂ.ಮೀ. ಈಗ ಎಲೆಯನ್ನು ಮಗುಚಿ ನೋಡಿ. ಬೆನ್ನಿನ ಮೇಲೆ ಕಪ್ಪು ಅಥವಾ ಕಡುನೇರಳೆ ಚುಕ್ಕಿಗಳು ಚೆಲ್ಲಿದಂತೆ ಕಾಣಬೇಕು. ಅವು ಗ್ರಂಥಿಗಳು. ಹೊಸದಾಗಿ ನೋಡುವವರು ಇವನ್ನು ತುಕ್ಕುರೋಗವೆಂದು ತಿಳಿದು ಎಲೆಯನ್ನೇ ಬಿಸಾಡುತ್ತಾರೆ. ತುಕ್ಕುರೋಗದ ಗುಳ್ಳೆಗಳು ಉಬ್ಬಿರುತ್ತವೆ, ಬೆರಳಾಡಿಸಿದರೆ ಪುಡಿ ಅಂಟುತ್ತದೆ. ಇವು ಉಬ್ಬಿರುವುದಿಲ್ಲ, ಒರೆಸಿದರೆ ಹೋಗುವುದೂ ಇಲ್ಲ. ನೆಲದಲ್ಲಿ ಹರಡುವ ಹೈಪೆರಿಕಮ್ ಗಿಡಗಳಲ್ಲೂ ಎದುರುಬದುರು, ತೊಟ್ಟಿಲ್ಲದ, ಚುಕ್ಕಿಯ ಎಲೆಗಳುಂಟು. ಅಲ್ಲಿ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂತೆ ಬೆಳಕು ತೂರುವ ಚುಕ್ಕಿಗಳು ಕಾಣುತ್ತವೆ. ಹೂವೂ ಹಳದಿ, ಕೇಸರಗಳೂ ಲೆಕ್ಕವಿಲ್ಲದಷ್ಟು.

ಹೂವಿನ ತೊಟ್ಟು ದಾರದಷ್ಟು ಸಣಕಲು. ಎಲೆಯ ಕಂಕುಳಿನಿಂದ ಒಂದೊಂದೇ ಹೊರಡುತ್ತದೆ, ಸಾಮಾನ್ಯವಾಗಿ ತನ್ನ ಎಲೆಗಿಂತ ಉದ್ದವಾಗಿ. ಹೂವಿನ ಅಗಲ ಸುಮಾರು 1 ಸೆಂ.ಮೀ. ಒಂದು ಎಸಳನ್ನು ಹಿಡಿದು ಹಗುರವಾಗಿ ಎಳೆಯಿರಿ. ಐದೂ ಎಸಳು, ಅವಕ್ಕೆ ಅಂಟಿದ ಕೇಸರಗಳ ಸಮೇತ, ಒಂದೇ ತುಂಡಾಗಿ ಕಳಚಿ ಬರುತ್ತವೆ. ಎಸಳುಗಳು ಬುಡದಲ್ಲಿ ಕೂಡಿಕೊಂಡಿವೆ ಎಂಬುದಕ್ಕೆ ಇದೇ ಸಾಕ್ಷಿ. ಕಳಚಿದ ಹೂವನ್ನು ಲೆನ್ಸ್ ಕೆಳಗಿಟ್ಟರೆ ಎರಡು ಸಂಗತಿ ಕಾಣಬೇಕು. ಕೇಸರದ ದಂಟುಗಳ ಮೇಲೆ ನೇರಳೆ ಛಾಯೆಯ ದಟ್ಟ ಕೂದಲು, ತುದಿಯಲ್ಲಿ ಹಳದಿ ಪರಾಗಕೋಶ. ಇನ್ನೊಂದು, ಪ್ರತಿಯೊಂದು ಕೇಸರವೂ ಒಂದೊಂದು ಎಸಳಿನ ನಟ್ಟನಡುವೆ, ಅದರ ಎದುರಿಗೇ ನಿಂತಿರುವುದು. ಬಹುಪಾಲು ಹೂಗಳಲ್ಲಿ ಎಸಳೆಷ್ಟೋ ಕೇಸರವೂ ಅಷ್ಟೇ ಇದ್ದರೆ, ಕೇಸರಗಳು ಎಸಳುಗಳ ನಡುವಿನ ಸಂದಿಗೆ ನೇರವಾಗಿರುತ್ತವೆ. ಇಲ್ಲಿ ಹಾಗಲ್ಲ. ಇದರ ಮಹತ್ವ ಮುಂದಿನ ಉತ್ತರವೊಂದರಲ್ಲಿ ಬರುತ್ತದೆ.

ಚೌಕ ಕಾಂಡ, ಚುಕ್ಕಿಯ ಎಲೆ, ಎಸಳಿಗೆ ಎದುರಾದ ಕೂದಲುಳ್ಳ ಕೇಸರ ಈ ಮೂರೂ ಸೇರಿದರೆ ಕಿತ್ತಳೆಗೆಂಪು ಹೂವಿನ ನಿಮ್ಮ ಗಿಡದ ಹೆಸರು ಖಚಿತ. ಒಂದು ತಪ್ಪಿದರೂ ಹುಡುಕಾಟ ಮುಂದುವರಿಸಿ. ನಾಲ್ಕೇ ಎಸಳು, ಎರಡೇ ಕೇಸರ ಇದ್ದರೆ ವೆರೋನಿಕ. ಚೌಕ ಕಾಂಡವಿದ್ದೂ ಹೂ ಮೇಲ್ದುಟಿ, ಕೆಳದುಟಿಯಾಗಿ ಸೀಳಿದ್ದರೆ ಲಿಂಡೇರ್ನಿಯದ ಬಳಗ. ಎಲೆಗಳು ಒಂದಾದ ಮೇಲೊಂದು ಬೇರೆ ಬೇರೆ ಗೆಣ್ಣಿನಲ್ಲಿದ್ದು ಮೈಯೆಲ್ಲ ರೇಷ್ಮೆಗೂದಲಿದ್ದರೆ ಅದು ವಿಷ್ಣುಕ್ರಾಂತಿ. ಪಿಂಪರ್ನೆಲ್‌ನ ನೀಲಿ ಹೂ ಕಂಡವರು ಅತಿ ಹೆಚ್ಚು ತಪ್ಪುವುದು ಇಲ್ಲೇ.

ಪ್ರಶ್ನೆ: ಕಿತ್ತಳೆ ಹೂವಿನ ಗಿಡದ ಪಕ್ಕದಲ್ಲೇ ಎಲ್ಲದರಲ್ಲೂ ಅದನ್ನೇ ಹೋಲುವ, ಆದರೆ ಗಾಢ ನೀಲಿ ಹೂವಿನ ಗಿಡವಿದೆ. ಎರಡೂ ಒಂದೇ ಪ್ರಭೇದವೇ?

ಉತ್ತರ: ಇರಬಹುದು, ಇಲ್ಲದಿರಲೂಬಹುದು. ಬಣ್ಣ ಇದನ್ನು ತೀರ್ಮಾನಿಸಲಾರದು. ಪಿಂಪರ್ನೆಲ್‌ನ ಒಂದೇ ಪ್ರಭೇದದಲ್ಲಿ ಕಿತ್ತಳೆಗೆಂಪು, ನೀಲಿ, ಅಪರೂಪಕ್ಕೆ ಗುಲಾಬಿ ಮತ್ತು ಬಿಳಿ ಹೂಗಳಿವೆ. ಕೆಂಪಿನ ಹಿಂದಿರುವ ವರ್ಣದ್ರವ್ಯ ಪೆಲಾರ್ಗೋನಿಡಿನ್, ನೀಲಿಯದು ಮಾಲ್ವಿಡಿನ್. ಎರಡೂ ಆಂಥೋಸಯನಿನ್ ಬಳಗದವೇ. ತಂಪು ಪ್ರದೇಶಗಳಲ್ಲಿ ಕೆಂಪು ಹೆಚ್ಚು, ಮೆಡಿಟರೇನಿಯನ್ ಸುತ್ತಲಿನಂಥ ಬೆಚ್ಚಗಿನ ಒಣ ಪ್ರದೇಶಗಳಲ್ಲಿ ನೀಲಿ ಹೆಚ್ಚು.

ತೊಡಕು ಬರುವುದು ನೀಲಿ ಹೂವಿನದೇ ಆದ ಇನ್ನೊಂದು ಪ್ರಭೇದ ಇರುವುದರಿಂದ. ಅದರ ಹೆಸರು ಲೈಸಿಮ್ಯಾಕಿಯ ಫೀಮಿನ, ಹಳೆಯ ಪುಸ್ತಕಗಳಲ್ಲಿ ಅನಗಾಲಿಸ್ ಫೀಮಿನ. ಎರಡನ್ನೂ ಬಿಡಿಸಿ ನೋಡಲು ನಾಲ್ಕು ಕಡೆ ಕಣ್ಣಿಡಿ.

ಒಂದು ಮೊಗ್ಗು. ಅರಳಲು ಒಂದು ದಿನ ಬಾಕಿಯಿರುವ ಮೊಗ್ಗನ್ನು ಬದಿಯಿಂದ ನೋಡಿ. ಫೀಮಿನದಲ್ಲಿ ಹಸಿರು ಪುಷ್ಪಪಾತ್ರೆಯ ಎಸಳುಗಳು ಒಳಗಿನ ಬಣ್ಣವನ್ನು ಪೂರಾ ಮುಚ್ಚಿರುತ್ತವೆ. ನಮ್ಮ ಪಿಂಪರ್ನೆಲ್‌ನಲ್ಲಿ ಸಂದಿಯಿಂದ ಬಣ್ಣ ಇಣುಕುತ್ತದೆ. ಎರಡು, ಅರಳಿದ ಹೂವಿನ ಎಸಳು. ಪಿಂಪರ್ನೆಲ್‌ನ ಎಸಳುಗಳು ಅಗಲ, ಒಂದರ ಅಂಚು ಇನ್ನೊಂದರ ಮೇಲೆ ಏರಿರುತ್ತದೆ. ಫೀಮಿನದವು ಕಿರಿದು, ನಡುವೆ ಸಂದಿ ಬಿಟ್ಟು, ತುದಿಯಲ್ಲಿ ಕಚ್ಚುಕಚ್ಚಾಗಿರುತ್ತವೆ. ಮೂರು, ಹೂವಿನ ತೊಟ್ಟು. ಫೀಮಿನದಲ್ಲಿ ಅದು ಎಲೆಯಷ್ಟೇ ಅಥವಾ ಎಲೆಗಿಂತ ಗಿಡ್ಡ, ಮೇಲಿನ ಎಲೆಗಳೂ ಕಿರಿದಾಗಿ ಈಟಿಯಂತಿರುತ್ತವೆ.

ಈ ಮೂರೂ ಅಳತೆಯ ವ್ಯತ್ಯಾಸಗಳು, ಹಾಗಾಗಿ ಬಡಕಲು ಗಿಡದಲ್ಲಿ ಮೋಸ ಮಾಡುತ್ತವೆ. ನೀರಿಲ್ಲದೆ ಸೊರಗಿದ ಪಿಂಪರ್ನೆಲ್‌ನ ಎಸಳೂ ಕಿರಿದಾಗುತ್ತದೆ. ಮೋಸ ಮಾಡದಿರುವುದು ನಾಲ್ಕನೆಯದು, ಎಸಳಂಚಿನ ಕೂದಲು. ಅದನ್ನು ನೋಡಲು ಮೈಕ್ರೊಸ್ಕೋಪ್ ಬೇಕು. ಶಾಲಾ ಪ್ರಯೋಗಾಲಯದ 100 ಪಟ್ಟಿನ ಸಾಧನ ಸಾಕು. ಒಂದು ಎಸಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಒಂದು ತೊಟ್ಟು ನೀರು ಹಾಕಿ, ಕವರ್ ಗ್ಲಾಸ್ ಮುಚ್ಚಿ. ನೀರು ಹಾಕದಿದ್ದರೆ ಎಸಳು ಸುರುಳಿ ಸುತ್ತಿ ಅಂಚೇ ಕಾಣುವುದಿಲ್ಲ. ಪಿಂಪರ್ನೆಲ್‌ನಲ್ಲಿ ಅಂಚಿನುದ್ದಕ್ಕೂ ಕೂದಲು ದಟ್ಟವಾಗಿರುತ್ತದೆ, ಪ್ರತಿ ಕೂದಲಿಗೆ ಮೂರು ಕೋಶ, ತುದಿಯ ಕೋಶ ಗುಂಡು. ಫೀಮಿನದಲ್ಲಿ ಕೂದಲು ವಿರಳ, ನಾಲ್ಕು ಕೋಶ, ತುದಿಯ ಕೋಶ ಉದ್ದ. ಒಂದೇ ಹೂ ನೋಡಿ ಮುಗಿಸಬೇಡಿ, ಎರಡು ಮೂರು ಗಿಡಗಳಿಂದ ಎಸಳು ತೆಗೆದು ನೋಡಿ.

ಪ್ರಶ್ನೆ: ಚಿಕ್‌ವೀಡ್ ಎಂಬ ಕಳೆಯನ್ನು ಸೊಪ್ಪಿನಂತೆ ತಿನ್ನಬಹುದೆಂದು ಓದಿದೆ. ಹೂವಿಲ್ಲದಾಗ ಅದೂ ಪಿಂಪರ್ನೆಲ್ಲೂ ನನಗೆ ಒಂದೇ ಥರ ಕಾಣುತ್ತವೆ. ಬೇರ್ಪಡಿಸುವುದು ಹೇಗೆ?

ಉತ್ತರ: ಪಿಂಪರ್ನೆಲ್ ತಿನ್ನುವ ಸೊಪ್ಪಲ್ಲ. ಅದರಲ್ಲಿ ಸ್ಯಾಪೊನಿನ್‌ಗಳೂ ಕುಕುರ್ಬಿಟಾಸಿನ್ ಎಂಬ ಕಹಿ ಪದಾರ್ಥಗಳೂ ಇವೆ. ಕುಕುರ್ಬಿಟಾಸಿನ್ ಎಂದರೆ ಕೆಲವೊಮ್ಮೆ ಸೌತೆಕಾಯಿ, ಸೋರೆಕಾಯಿಗಳನ್ನು ವಿಪರೀತ ಕಹಿಯಾಗಿಸುವ ಪದಾರ್ಥವೇ. ಈ ಗಿಡವನ್ನು ಹೆಚ್ಚಾಗಿ ಮೇಯ್ದ ಕುರಿ, ದನಗಳ ಮೂತ್ರಪಿಂಡ ಹಾಳಾದದ್ದು ಪಶುವೈದ್ಯರ ದಾಖಲೆಗಳಲ್ಲಿದೆ. ಕೆಲವರ ಚರ್ಮಕ್ಕೆ ಎಲೆ ತಾಗಿದರೆ ತುರಿಕೆ, ಕೆಂಪು ದದ್ದು ಏಳುತ್ತದೆ, ಆದ್ದರಿಂದ ಬಹಳ ಹೊತ್ತು ಕೀಳುವುದಿದ್ದರೆ ಕೈಗವಸು ಹಾಕಿ. ಹಿಂದಿನ ಕಾಲದಲ್ಲಿ ಯುರೋಪಿನಲ್ಲಿ ಇದನ್ನು ಮದ್ದಾಗಿ ಬಳಸುತ್ತಿದ್ದರು ಎಂಬುದು ನಿಜ, ಆದರೆ ಅದನ್ನು ಈಗ ಮನೆಯಲ್ಲಿ ಮಾಡಿ ನೋಡಲು ಅದು ಕಾರಣವಲ್ಲ.

ಚಿಕ್‌ವೀಡ್‌ನ ಶಾಸ್ತ್ರೀಯ ಹೆಸರು ಸ್ಟೆಲ್ಲೇರಿಯ ಮೀಡಿಯ. ಅದರ ಕಾಂಡ ದುಂಡು. ಲೆನ್ಸ್‌ನಲ್ಲಿ ನೋಡಿದರೆ ಕಾಂಡದ ಒಂದೇ ಬದಿಯಲ್ಲಿ, ಗೆರೆ ಎಳೆದಂತೆ, ಕೂದಲಿನ ಒಂದು ಸಾಲು ಓಡುತ್ತದೆ. ಗೆಣ್ಣು ದಾಟಿದ ಕೂಡಲೇ ಆ ಸಾಲು ಇನ್ನೊಂದು ಬದಿಗೆ ಹೊರಳುತ್ತದೆ. ಈ ಗುರುತು ಎಷ್ಟು ಚಂದವೋ ಅಷ್ಟೇ ನಂಬಿಕೆಯದು. ಚಿಕ್‌ವೀಡ್‌ನ ಕೆಳಗಿನ ಎಲೆಗಳಿಗೆ ಉದ್ದನೆಯ ತೊಟ್ಟಿದೆ, ಎಲೆಯ ಬೆನ್ನಿನಲ್ಲಿ ಕಪ್ಪು ಚುಕ್ಕಿಯಿಲ್ಲ. ಹೂ ಬಂದರೆ ಗೊಂದಲವೇ ಇಲ್ಲ: ಬಿಳಿ ಬಣ್ಣ, ಐದೇ ಎಸಳಾದರೂ ಪ್ರತಿಯೊಂದೂ ಬುಡದವರೆಗೆ ಸೀಳಿ ಹತ್ತರಂತೆ ಕಾಣುತ್ತವೆ.

ಇಲ್ಲಿ ಅಪಾಯ ಬರುವುದು ಗುರುತು ಗೊತ್ತಿಲ್ಲದ್ದರಿಂದಲ್ಲ, ಒಂದು ಗಿಡ ಪರೀಕ್ಷಿಸಿ ಹಿಡಿಗಟ್ಟಲೆ ಕೊಯ್ಯುವುದರಿಂದ. ಎರಡೂ ಗಿಡಗಳು ತಂಪಿನ ದಿನಗಳಲ್ಲಿ, ಅಗೆದ ಮಣ್ಣಿನಲ್ಲೇ ಹುಟ್ಟುತ್ತವೆ, ಒಂದರ ಕವಲೊಳಗೆ ಇನ್ನೊಂದರ ಕವಲು ಹೆಣೆದುಕೊಂಡಿರುತ್ತದೆ. ಕತ್ತರಿಯಿಂದ ಗುಡ್ಡೆಯಾಗಿ ಕತ್ತರಿಸಿದರೆ ಎರಡೂ ಕೈಗೆ ಬರುತ್ತವೆ. ತಿನ್ನುವುದೇ ಆದರೆ ಒಂದೊಂದೇ ಕವಲು ಬಿಡಿಸಿ, ಕಾಂಡದ ಕೂದಲ ಸಾಲು ನೋಡಿ ಬುಟ್ಟಿಗೆ ಹಾಕಿ. ಅನುಮಾನವಿದ್ದದ್ದನ್ನು ಹಾಕಬೇಡಿ. ‘ಸ್ವಲ್ಪ ಅಗಿದು ನೋಡಿ, ಕಹಿಯಿದ್ದರೆ ಉಗಿಯಿರಿ’ ಎಂಬ ಸಲಹೆಯನ್ನು ಕೇಳಿರಬಹುದು, ಅದನ್ನು ಪಾಲಿಸಬೇಡಿ. ಬೇರೆ ಸೊಪ್ಪಿನ ರುಚಿಯಲ್ಲಿ ಕಹಿ ಮುಚ್ಚಿಹೋಗುತ್ತದೆ. ಯಾರಾದರೂ ತಿಂದೇಬಿಟ್ಟಿದ್ದರೆ ಗಿಡದ ತುಂಡನ್ನೂ ತೆಗೆದುಕೊಂಡು ವೈದ್ಯರ ಬಳಿ ಹೋಗಿ, ಗುರುತಿಸಲು ಅವರಿಗೆ ಅದು ಬೇಕಾಗುತ್ತದೆ.

ಪ್ರಶ್ನೆ: ಪಿಂಪರ್ನೆಲ್‌ನ ಶಾಸ್ತ್ರೀಯ ಹೆಸರು ಒಂದು ಪುಸ್ತಕದಲ್ಲಿ ಅನಗಾಲಿಸ್ ಅರ್ವೆನ್ಸಿಸ್, ಇನ್ನೊಂದರಲ್ಲಿ ಲೈಸಿಮ್ಯಾಕಿಯ ಅರ್ವೆನ್ಸಿಸ್. ಕುಟುಂಬವೂ ಒಂದರಲ್ಲಿ ಪ್ರಿಮುಲೇಸೀ, ಮತ್ತೊಂದರಲ್ಲಿ ಮಿರ್ಸಿನೇಸೀ. ಕುಂಡದಲ್ಲಿ ಬೆಳೆಸುವ ಪ್ರಿಮುಲಕ್ಕೂ ಈ ಕಳೆಗೂ ಎಲ್ಲಿಯ ನೆಂಟಸ್ತಿಕೆ?

ಉತ್ತರ: ಪುಸ್ತಕಗಳು ಬೇರೆ ಬೇರೆ ಕಾಲದವು, ಗಿಡ ಒಂದೇ. ಅನಗಾಲಿಸ್ ಅರ್ವೆನ್ಸಿಸ್ ಎಂದು ಹೆಸರಿಟ್ಟವರು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್, 1753ರಲ್ಲಿ. ‘ಅರ್ವೆನ್ಸಿಸ್’ ಎಂದರೆ ಉತ್ತ ಹೊಲದ್ದು. ಡಿಎನ್‌ಎ ಹೋಲಿಕೆ ಮಾಡಿದಾಗ ಅನಗಾಲಿಸ್ ಕುಲದ ಗಿಡಗಳು ಲೈಸಿಮ್ಯಾಕಿಯ ಕುಲದ ವಂಶವೃಕ್ಷದ ಒಳಗೇ ಒಂದು ಕೊಂಬೆ ಎಂದು ತಿಳಿಯಿತು. ಹಾಗಾಗಿ 2009ರಲ್ಲಿ ಅದನ್ನು ಲೈಸಿಮ್ಯಾಕಿಯಕ್ಕೆ ಸೇರಿಸಿದರು. ಕುಟುಂಬದ ಕಥೆಯೂ ಇಂಥದ್ದೇ. 2003ರ ವರ್ಗೀಕರಣ ಲೈಸಿಮ್ಯಾಕಿಯದ ಬಳಗವನ್ನು ಮಿರ್ಸಿನೇಸೀ ಕುಟುಂಬದಲ್ಲಿಟ್ಟಿತ್ತು. 2009ರಲ್ಲಿ ಆ ಕುಟುಂಬವನ್ನೇ ಪ್ರಿಮುಲೇಸೀಯೊಳಗೆ ಕೂಡಿಸಲಾಯಿತು. ದಾಖಲೆ ಬರೆಯುವಾಗ ಹೊಸ ಹೆಸರು ಬರೆದು ಹಳೆಯದನ್ನೂ ಪಕ್ಕದಲ್ಲಿಡಿ, ಹುಡುಕುವವರಿಗೆ ಎರಡೂ ಬೇಕಾಗುತ್ತವೆ.

ನೆಂಟಸ್ತಿಕೆ ಕಾಣಬೇಕಾದರೆ ಪ್ರಿಮುಲದ ಹೂವೊಂದನ್ನು ಉದ್ದಕ್ಕೆ ಸೀಳಿ, ಪಕ್ಕದಲ್ಲಿ ಪಿಂಪರ್ನೆಲ್ ಹೂ ಇಡಿ. ಎರಡರಲ್ಲೂ ಕೇಸರಗಳು ಎಸಳಿನ ಎದುರಿಗೇ ಇವೆ. ಮೂಲದಲ್ಲಿ ಕೇಸರಗಳ ಎರಡು ಸುತ್ತಿದ್ದು, ಎಸಳಿನ ಸಂದಿಗೆ ನೇರವಾಗಿದ್ದ ಹೊರಸುತ್ತು ಕಳೆದುಹೋಗಿ ಒಳಸುತ್ತು ಉಳಿದದ್ದರಿಂದ ಹೀಗೆ. ಅಂಡಾಶಯವನ್ನು ಅಡ್ಡ ಕೊಯ್ದು ನೋಡಿದರೆ ಎರಡನೆಯ ಸಾಕ್ಷಿ ಸಿಗುತ್ತದೆ. ಒಳಗೆ ಗೋಡೆಗಳಿಲ್ಲ. ಬುಡದಿಂದ ಎದ್ದ ಒಂದೇ ಕಂಬದ ಸುತ್ತ ಬೀಜಾಂಡಗಳು ಅಂಟಿರುತ್ತವೆ. ಪ್ರಿಮುಲದಲ್ಲಿ ಎಸಳುಗಳು ಉದ್ದನೆಯ ಕೊಳವೆಯಾಗಿ ಕೂಡಿವೆ, ಪಿಂಪರ್ನೆಲ್‌ನಲ್ಲಿ ಬುಡದಲ್ಲಿ ಚೂರೇ ಚೂರು ಕೂಡಿ ತಟ್ಟೆಯಂತೆ ತೆರೆದುಕೊಂಡಿವೆ. ಎರಡರ ಹೂಗಳು ಕಣ್ಣಿಗೆ ಬೇರೆಯಾಗಿ ಕಾಣುವುದು ಮುಖ್ಯವಾಗಿ ಈ ಕಾರಣಕ್ಕೆ.

ಪ್ರಶ್ನೆ: ಬೆಳಿಗ್ಗೆ ಹೂ ತುಂಬಿದ್ದ ಗಿಡವನ್ನು ಸಂಜೆ ಗೆಳೆಯರಿಗೆ ತೋರಿಸಲು ಹೋದರೆ ಒಂದು ಹೂವೂ ಇರಲಿಲ್ಲ. ಉದುರಿಹೋಯಿತೇ?

ಉತ್ತರ: ಇಲ್ಲ, ಮುಚ್ಚಿಕೊಂಡಿತು. ಬಿಸಿಲಿನ ದಿನ ಸುಮಾರು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 3ರ ಹೊತ್ತಿಗೆ ಮುಚ್ಚುವುದು ಇದರ ರೂಢಿ. ಮೋಡ ಕವಿದರೆ, ಗಾಳಿಯಲ್ಲಿ ತೇವ ಏರಿದರೆ ಬೇಗ ಮುಚ್ಚುತ್ತದೆ, ಕೆಲವು ದಿನ ತೆರೆಯುವುದೇ ಇಲ್ಲ. ಇದೇ ಕಾರಣಕ್ಕೆ ಇಂಗ್ಲಿಷ್ ಮಾತಿನ ನಾಡುಗಳಲ್ಲಿ ಇದಕ್ಕೆ ‘ಕುರುಬರ ಹವಾಮಾನ ಗಾಜು’ (ಅಂದರೆ ಹವೆ ಹೇಗಿರುತ್ತದೆಂದು ತಿಳಿಸುವ ಸಾಧನ) ಎಂಬ ಅರ್ಥದ ಹೆಸರಿದೆ. ಹೂ ಮುಂದಿನ ಮಳೆಯನ್ನು ಕಾಣುವುದಿಲ್ಲ, ಆಗಿನ ಬೆಳಕು, ಬಿಸಿ, ತೇವಗಳಿಗೆ ಸ್ಪಂದಿಸುತ್ತದೆ ಅಷ್ಟೇ. ಮಧ್ಯಾಹ್ನ 3ರ ನಂತರ ನಿಚ್ಚಳ ಆಕಾಶದಲ್ಲೂ ಅದು ಮುಚ್ಚಿಯೇ ಇರುತ್ತದೆ.

ಮುಚ್ಚುವುದರಲ್ಲಿ ಇನ್ನೊಂದು ಉಪಯೋಗವಿದೆ. ಈ ಹೂವಿನಲ್ಲಿ ಮಕರಂದವಿಲ್ಲ, ಬರುವ ಕೀಟಗಳು ಪರಾಗಕ್ಕಾಗಿ ಬರುತ್ತವೆ. ಯಾವುದೂ ಬಾರದಿದ್ದರೆ, ಎಸಳು ಮಡಚುವಾಗ ಪರಾಗಕೋಶಗಳು ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ಹೆಣ್ಣುಭಾಗದ ತುದಿಗೆ) ತಾಗಿ ತನ್ನಲ್ಲೇ ಪರಾಗಸ್ಪರ್ಶ ನಡೆಯುತ್ತದೆ. ಒಂಟಿ ಗಿಡವೂ ಕಾಯಿ ತುಂಬಿಕೊಂಡು ನಿಲ್ಲುವುದು ಹೀಗೆ. ಹೊಸ ಜಾಗಕ್ಕೆ ಒಂದೇ ಬೀಜ ಬಂದು ಬಿದ್ದರೂ ನೆಲೆಯೂರಲು ಅದು ಸಾಕು.

ಪ್ರಶ್ನೆ: ನನ್ನ ಗಿಡದ ಕೆಲವು ಗೆಣ್ಣುಗಳಲ್ಲಿ ಎರಡರ ಬದಲು ಮೂರು ಎಲೆಗಳಿವೆ. ಬೇರೆ ಪ್ರಭೇದವೇ?

ಉತ್ತರ: ಅಲ್ಲ. ಕೊಬ್ಬಿ ಬೆಳೆದ ಕವಲುಗಳಲ್ಲಿ ಮೂರೆಲೆಯ ಗೆಣ್ಣು ಮಾಮೂಲು. ಅದೇ ಗಿಡದ ಬೇರೆ ಕವಲುಗಳನ್ನು ನೋಡಿ, ಎರಡೇ ಇರುತ್ತವೆ. ಆದರೆ ಪ್ರತಿ ಗೆಣ್ಣಿನಲ್ಲೂ ನಾಲ್ಕಕ್ಕಿಂತ ಹೆಚ್ಚು ಎಲೆ ಸುತ್ತುಗಟ್ಟಿದ್ದರೆ, ಹೂವಿಗೆ ನಾಲ್ಕೇ ಎಸಳಿದ್ದರೆ ಅದು ಗೇಲಿಯಂ. ಅದಕ್ಕೂ ಚೌಕ ಕಾಂಡವೇ.

ಪ್ರಶ್ನೆ: ಹೂವಿಲ್ಲದ ಕಾಲದಲ್ಲಿ, ಸಸಿಯಲ್ಲೋ ಒಣಗಿದ ಗಿಡದಲ್ಲೋ ಗುರುತಿಸಲು ಸಾಧ್ಯವೇ?

ಉತ್ತರ: ಸಾಧ್ಯ, ಒಣಗಿದ ಗಿಡದಲ್ಲಂತೂ ಹೂವಿಗಿಂತ ಸುಲಭ. ಹೂ ಕಳಚಿದ ಮೇಲೆ ತೊಟ್ಟು ಕೆಳಕ್ಕೆ ಬಾಗುತ್ತದೆ. ತುದಿಯಲ್ಲಿ 4ರಿಂದ 6 ಮಿ.ಮೀ. ಅಗಲದ ಗುಂಡನೆಯ ಕಾಯಿ, ಅದರ ಕೆಳಗೆ ಐದು ಚೂಪು ಪುಷ್ಪಪಾತ್ರೆಯ ಎಸಳು, ನೆತ್ತಿಯಲ್ಲಿ ಮುಳ್ಳಿನಂತೆ ಉಳಿದ ಶಲಾಕೆ. ಬಲಿತ ಕಾಯಿಯನ್ನು ಉಗುರಿನಿಂದ ಮೆಲ್ಲಗೆ ಒತ್ತಿ. ಉದ್ದಕ್ಕೆ ಸೀಳುವುದಿಲ್ಲ. ನಡುವಿನಲ್ಲಿ ಸುತ್ತಲೂ ಗೆರೆ ಬಿರಿದು, ಭರಣಿಯ ಮುಚ್ಚಳ ಎತ್ತಿದಂತೆ ಮೇಲರ್ಧ ಕಳಚಿಕೊಳ್ಳುತ್ತದೆ. ಒಳಗೆ ಕಡುಕಂದು ಬೀಜಗಳು, ಒಂದೊಂದೂ ಸುಮಾರು 1.3 ಮಿ.ಮೀ., ಮೂರು ಮೂಲೆಯವು, ಮೈ ತರಿತರಿ. ಚಿಕ್‌ವೀಡ್‌ನ ಕಾಯಿ ತುದಿಯಿಂದ ಆರು ಹಲ್ಲಾಗಿ ಬಿರಿಯುತ್ತದೆ.

ಮುಚ್ಚಳದ ಕಾಯಿ ಕಂಡ ಮಾತ್ರಕ್ಕೆ ತೀರ್ಪು ಕೊಡಬೇಡಿ. ಗೋಣಿಸೊಪ್ಪಿನ ಕಾಯಿಯೂ ಹೀಗೇ ತೆರೆಯುತ್ತದೆ, ಪ್ಲಾಂಟಾಗೋದ್ದೂ ಹೀಗೇ. ಆದರೆ ಗೋಣಿಸೊಪ್ಪಿನ ಕಾಂಡ ದುಂಡು, ರಸಭರಿತ. ಕಾಯಿಗೆ ಉದ್ದ ತೊಟ್ಟೂ ಇಲ್ಲ. ಪ್ಲಾಂಟಾಗೋದ ಕಾಯಿಗಳು ಎಲೆಯಿಲ್ಲದ ಕಡ್ಡಿಯ ತುದಿಯಲ್ಲಿ ತೆನೆಗಟ್ಟಿರುತ್ತವೆ. ಒಣಗಿದ ಮೇಲೂ ಪಿಂಪರ್ನೆಲ್ ಕಾಂಡದ ನಾಲ್ಕು ಮೂಲೆ ಬೆರಳಿಗೆ ಸಿಗುತ್ತದೆ.

ಸಸಿಯಲ್ಲಿ ಬೀಜದೆಲೆಗಳು ಪುಟ್ಟ ತ್ರಿಕೋನದಂತಿದ್ದು ನೆಲಕ್ಕೆ ಹತ್ತಿರವೇ ಇರುತ್ತವೆ. ಮೊದಲ ಜೋಡಿ ನಿಜ ಎಲೆ ಬರುವವರೆಗೆ ಕಾಯಿರಿ, ಅವುಗಳ ಬೆನ್ನಿನಲ್ಲಿ ಚುಕ್ಕಿ ಬಂದಿರುತ್ತದೆ. ಚಿಕ್‌ವೀಡ್‌ನ ಮೊದಲ ಎಲೆಗಳು ಕೂದಲುಳ್ಳ ತೊಟ್ಟಿನ ಮೇಲೆ ಎದ್ದಿರುತ್ತವೆ.

ಪ್ರಶ್ನೆ: ಇದು ಹೊರಗಿನಿಂದ ಬಂದ ಗಿಡ ಎನ್ನುತ್ತಾರೆ. ಹಾಗಾದರೆ ಕಂಡಲ್ಲೆಲ್ಲ ಕಿತ್ತುಹಾಕಬೇಕೇ?

ಉತ್ತರ: ಇದರ ತವರು ಯುರೋಪ್, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾ. ಧಾನ್ಯದ ಬೀಜದೊಡನೆ, ಮಣ್ಣಿನೊಡನೆ ಜನ ಹೋದಲ್ಲೆಲ್ಲ ಹೋಗಿ ಈಗ ಅಮೆರಿಕ ಖಂಡಗಳು, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸೇರಿದಂತೆ ಬಹುಪಾಲು ಜಗತ್ತಿನಲ್ಲಿದೆ. ಇಲ್ಲಿ ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಬಳಸಬೇಕು. ಹೊರಗಿನಿಂದ ಬಂದದ್ದು ಪರಕೀಯ. ಯಾರ ಆರೈಕೆಯೂ ಇಲ್ಲದೆ ತಲೆಮಾರಿನ ಮೇಲೆ ತಲೆಮಾರು ಹುಟ್ಟುತ್ತಿದ್ದರೆ ನೆಲೆಯೂರಿದ್ದು. ಸ್ಥಳೀಯ ಗಿಡಗಳನ್ನು ಒತ್ತರಿಸಿ ಹಬ್ಬಿದರೆ ಮಾತ್ರ ಆಕ್ರಮಣಕಾರಿ. ಪಿಂಪರ್ನೆಲ್ ಮೊದಲೆರಡಕ್ಕೆ ಖಂಡಿತ ಸೇರುತ್ತದೆ. ಅದಕ್ಕೆ ಬೇಕಿರುವುದು ಅಗೆದ ಅಥವಾ ಬೋಳಾದ ಮಣ್ಣು ಮತ್ತು ನೇರ ಬಿಸಿಲು. ಎತ್ತರದ ಹುಲ್ಲು ಅಥವಾ ಮರದ ನೆರಳು ಬಂದರೆ ಸೋಲುತ್ತದೆ. ಹಾಗಾಗಿ ದಾರಿಬದಿಯ ನಾಲ್ಕು ಗಿಡಗಳ ಮೇಲೆ ಯುದ್ಧ ಸಾರುವ ಅಗತ್ಯ ಕಾಣುವುದಿಲ್ಲ. ಕುರಿ, ದನ ಮೇಯುವ ಜಾಗ ಮತ್ತು ಸೊಪ್ಪಿನ ಪಾತಿ, ಈ ಎರಡರಲ್ಲಿ ಮಾತ್ರ ಇರಗೊಡಬೇಡಿ.

ತೆಗೆಯುವುದು ಕಷ್ಟವಲ್ಲ, ಸಮಯ ತಪ್ಪುವುದೇ ತೊಂದರೆ. ಇದು ಏಕವಾರ್ಷಿಕ. ಬೇರು ಸಪೂರ, ಒದ್ದೆ ಮಣ್ಣಿನಲ್ಲಿ ಬುಡ ಹಿಡಿದೆಳೆದರೆ ಇಡಿಯಾಗಿ ಬರುತ್ತದೆ. ಒಣ ಮಣ್ಣಿನಲ್ಲಿ ಎಳೆದರೆ ಕಾಂಡ ಕಿತ್ತುಬಂದು, ಬುಡದಲ್ಲಿ ಉಳಿದದ್ದು ಮತ್ತೆ ಚಿಗುರುತ್ತದೆ. ಮೊದಲ ಹೂ ಕಂಡ ವಾರದಲ್ಲೇ ಕೀಳಿ. ಹೂವು, ಕಾಯಿ ಒಂದೇ ಕವಲಿನಲ್ಲಿ ಒಟ್ಟಿಗೇ ಇರುವುದರಿಂದ, ‘ಇನ್ನೂ ಹೂವಿದೆಯಲ್ಲ’ ಎಂದು ಕಾದರೆ ಬುಡದ ಕಡೆಯ ಕಾಯಿಗಳು ಆಗಲೇ ಮುಚ್ಚಳ ತೆರೆದಿರುತ್ತವೆ. ಕಾಯಿ ಕಂದುಬಣ್ಣಕ್ಕೆ ತಿರುಗಿದ್ದರೆ ಗಿಡವನ್ನು ಅಲುಗಿಸದೆ ಚೀಲದೊಳಗೆ ಬಗ್ಗಿಸಿಕೊಂಡು ಬುಡ ಕತ್ತರಿಸಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಮನೆಯ ಗುಂಡಿಯ ಬಿಸಿ ಬೀಜ ಸಾಯಿಸುವಷ್ಟಕ್ಕೆ ಏರುವುದು ಅಪರೂಪ. ಮಣ್ಣಿನಲ್ಲಿ ಬಿದ್ದ ಬೀಜ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ, ಪ್ರತಿ ಸಲ ಆಳಕ್ಕೆ ಅಗೆದಾಗಲೂ ಹೊಸ ಕಂತು ಮೇಲೆ ಬರುತ್ತದೆ. ಅದಕ್ಕೆ ಆಳವಾಗಿ ಅಗೆಯದೆ ಮೇಲ್ಮಣ್ಣನ್ನು ಮಾತ್ರ ಕೆದಕಿ, 5ರಿಂದ 8 ಸೆಂ.ಮೀ. ದಪ್ಪಕ್ಕೆ ಒಣಹುಲ್ಲು ಅಥವಾ ತರಗೆಲೆ ಹೊದಿಸಿ.

ಪ್ರಶ್ನೆ: ಗುರುತಿಸಿಕೊಡಲು ನಿಮಗೆ ಫೋಟೊ ಅಥವಾ ಮಾದರಿ ಕಳಿಸಬೇಕಾದರೆ ಏನೇನು ಇರಬೇಕು?

ಉತ್ತರ: ಬರುವ ಫೋಟೊಗಳಲ್ಲಿ ಬಹುಪಾಲು ಹೂವನ್ನು ಮೇಲಿಂದ ತೆಗೆದವು, ಅದರಲ್ಲೂ ಕಿತ್ತಳೆ ಬಣ್ಣ ಉರಿದುಹೋಗಿ ಎಸಳಿನ ವಿವರ ಕಾಣದಂಥವು. ನೇರ ಬಿಸಿಲಲ್ಲಿ ಈ ಬಣ್ಣ ಕ್ಯಾಮೆರಾಗೆ ಹೆಚ್ಚಾಗುತ್ತದೆ. ನಿಮ್ಮ ಮೈಯ ನೆರಳೋ ಕೊಡೆಯ ನೆರಳೋ ಹೂವಿನ ಮೇಲೆ ಬೀಳುವಂತೆ ನಿಂತು, ಎಕ್ಸ್‌ಪೋಶರನ್ನು ಸ್ವಲ್ಪ ತಗ್ಗಿಸಿ ತೆಗೆಯಿರಿ. ಐದು ಚಿತ್ರ ಬೇಕು: ಇಡೀ ಗಿಡ, ಹೂ ಎದುರಿನಿಂದ, ಮೊಗ್ಗು ಬದಿಯಿಂದ, ಎಲೆಯ ಬೆನ್ನು, ಕಾಯಿ ತೊಟ್ಟಿನ ಸಮೇತ. ಒಂದರಲ್ಲಾದರೂ ಮಿ.ಮೀ. ಗೆರೆಗಳಿರುವ ಸ್ಕೇಲ್ ಪಕ್ಕದಲ್ಲಿರಲಿ. ನಾಣ್ಯ ಇಡಬೇಡಿ, ಅದರ ಅಳತೆ ಎಲ್ಲರಿಗೂ ಗೊತ್ತಿರುವುದಿಲ್ಲ.

ಒಣಗಿಸಿ ಕಳಿಸುವುದಾದರೆ ಬೆಳಗಿನ ಬಿಸಿಲಲ್ಲಿ, ಗಿಡ ಇರುವ ಜಾಗದಲ್ಲೇ ಒತ್ತಿಡಿ. ಕಿತ್ತು ಮನೆಗೆ ತರುವಷ್ಟರಲ್ಲಿ ಹೂ ಮುಚ್ಚಿರುತ್ತದೆ, ಆಮೇಲೆ ಎಸಳು ಬಿಡಿಸಲು ಹೋದರೆ ಹರಿಯುತ್ತದೆ. ವೃತ್ತಪತ್ರಿಕೆಯ ಮಡಿಕೆಯಲ್ಲಿ ಬೇರು ಸಮೇತ ಹರಡಿ, ಎರಡು ಮೂರು ಎಲೆಗಳನ್ನು ಮಗುಚಿಡಿ. ಮೊದಲ ಮೂರು ದಿನ ದಿನಕ್ಕೊಮ್ಮೆ ಕಾಗದ ಬದಲಿಸಿ, ಇಲ್ಲದಿದ್ದರೆ ಎಲೆ ಕಪ್ಪಾಗಿ ಬೆನ್ನಿನ ಚುಕ್ಕಿ ಕಾಣದಾಗುತ್ತದೆ. ಕಾಯಿಗಳ ಮುಚ್ಚಳ ಒಣಗುವಾಗಲೇ ಕಳಚುವುದರಿಂದ ನಾಲ್ಕೈದು ಕಾಯಿಗಳನ್ನು ಬೇರೆ ಸಣ್ಣ ಲಕೋಟೆಯಲ್ಲಿ ಹಾಕಿ. ಹೂವಿನ ಬಣ್ಣವನ್ನು ಕೀಳುವ ಮೊದಲೇ ಬರೆದುಕೊಳ್ಳಿ, ಒಣಗಿದ ಮೇಲೆ ಅದನ್ನು ನಂಬಲಾಗದು. ಜೊತೆಗೆ ತಾರೀಕು, ಜಾಗ, ಎಂಥ ಮಣ್ಣು, ಉತ್ತ ನೆಲವೋ ದಾರಿಬದಿಯೋ, ಅಲ್ಲಿ ಎಷ್ಟು ಗಿಡಗಳಿದ್ದವು ಎಂಬುದಿರಲಿ. ನೀಲಿ ಮತ್ತು ಕಿತ್ತಳೆ ಎರಡೂ ಒಂದೇ ಕಡೆ ಇದ್ದರೆ ಎರಡನ್ನೂ ಬೇರೆ ಬೇರೆ ಮಡಿಕೆಯಲ್ಲಿಟ್ಟು, ಬೇರೆ ಬೇರೆ ಸಂಖ್ಯೆ ಕೊಟ್ಟು ಕಳಿಸಿ.